ಸೂರ್ಯನಿಗೆ ಅಡ್ಡವಿಟ್ಟ ಕಪ್ಪು ಬಿಲ್ಲೆ

ವೀಣಾ, ಬಸವರಾಜ, ನಿಮ್ಮ ಅಜ್ಜಿ ನಾಲ್ಕು ಜನರೆದುರು ಬಾಯಿ ಬಿಡದವಳೆಂದು ನೀವು ನಗುತ್ತೀರಿ. ಒಂದು ಸಲ ಬಿಟ್ಟಿದ್ದೆ, ಸಿಟ್ಟಿನಿಂದ. ಆ ಸಿಟ್ಟು ಇನ್ನೂ ಇಳಿದಿಲ್ಲ.

2024ರ ಅಕ್ಟೋಬರ್. ಜಮಖಂಡಿ ತಾಲ್ಲೂಕಿನ ಹೊಳೆಸಾಲಿನ ಒಂದೂರಿನ ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸ್. ಹೆರಿಗೆಯಾದ ಮನೆಗಳಿಗೆ ಹೋಗಿ ತಾಯಿ-ಮಗುವನ್ನು ನೋಡುವುದು ನನ್ನ ಕೆಲಸ. ರೇಣುಕಾ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಮೊದಲ ವಾರ ಚೆನ್ನಾಗಿ ಹಾಲು ಕುಡಿಯಿತು. ಮುಂದಿನ ಸಲ ತೂಗಿದರೆ ತೂಕ ಇಳಿದಿತ್ತು. ರೇಣುಕಾ ಊಟ ಬಿಟ್ಟು ಅಳುತ್ತ ಕೂತಿದ್ದಳು, ಎದೆಹಾಲು ಕಡಿಮೆಯಾಗಿತ್ತು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗಂಡನ ಮನೆಯವರು ಬರುವುದಿಲ್ಲ ಎಂದಿದ್ದರಂತೆ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ತಂದೆಯ ಅಕ್ಕ ಅಥವಾ ತಂಗಿ. ಆಕೆ ಬಾರದಿದ್ದರೆ ಆ ಮನೆ ಕೂಸನ್ನು ಒಪ್ಪಲಿಲ್ಲವೆಂದೇ ಅರ್ಥ.

ಬೀಗರ ಮನೆ ಚಿಕ್ಕಪಡಸಲಗಿಯಲ್ಲಿ. ನಾನೇ ಹೋದೆ. ರೇಣುಕಾಳ ಅತ್ತೆ ಗಂಗವ್ವ ಮೊಬೈಲ್ ನನ್ನ ಮುಂದೆ ಹಿಡಿದಳು. ಯಾವುದೋ ಟಿವಿಯ ವಿಡಿಯೊ. ಬಾಹ್ಯಾಕಾಶದಿಂದ ತೆಗೆದ ಚಿತ್ರ. ನಡುವೆ ದುಂಡನೆಯ ಕಪ್ಪು, ಪಕ್ಕದಲ್ಲಿ ಬೆಳ್ಳಗೆ ಉರಿಯುವ ಧೂಮಕೇತು. ಈ ತಿಂಗಳು ಹುಟ್ಟಿದವರಿಗೆ ಗಂಡಾಂತರವೆಂದು ಒಬ್ಬ ಕಿರುಚುತ್ತಿದ್ದ.

“ನೋಡ್ರಿ ಬಾಯಾರ, ಬಾಲಚುಕ್ಕಿ ಸೂರ್ಯಪ್ಪನ್ನ ನುಂಗಿ ಕರ್ರಗ ಮಾಡೇತಿ. ಇಂಥಾ ಟಾಯಮ್ಮಿನ್ಯಾಗ ಹುಟ್ಟಿದ ಕೂಸಿಗೆ ಹೆಸರಿಡಾಕ ನನ್ನ ಮಗಳನ್ನ ಹ್ಯಾಂಗ ಕಳಸ್ಲಿ?”

ಆ ಕಪ್ಪು ಏನೆಂದು ನನಗೂ ತಿಳಿಯಲಿಲ್ಲ. ಅಂಗಳಕ್ಕೆ ಬಂದು ಪರಿಚಯದ ವಿಜ್ಞಾನದ ಮಾಸ್ತರರಿಗೆ ಫೋನ್ ಮಾಡಿದೆ.

“ಸಿಸ್ಟರ್, ಬಿಸಲಾಗ ಎದುರು ಬರಾವ್ರನ್ನ ನೋಡಾಕ ಏನ್ ಮಾಡ್ತೀರಿ?”

“ಹಣಿಗೆ ಕೈ ಅಡ್ಡ ಹಿಡೀತೀನ್ರಿ.”

“ಆ ಕರೀದು ಚಿತ್ರಾ ತಗದ ದುರ್ಬೀನಿನ ಕೈರಿ! ಅದರೊಳಗ ದುಂಡನ ಬಿಲ್ಲಿ ಅಡ್ಡ ಇಟ್ಟು ಸೂರ್ಯನ್ನ ಮುಚ್ಚ್ಯಾರ.”

ಅವರು ಬಿಡಿಸಿ ಹೇಳಿದರು. ನೆಲದ ಮೇಲೆ ನಿಂತು ಕೈ ಅಡ್ಡ ಹಿಡಿದರೂ ಸಾಲದು, ಸುತ್ತಲಿನ ಗಾಳಿಯೇ ಬಿಸಿಲಿಗೆ ಬೆಳಗುತ್ತದೆ. ಸೂರ್ಯನ ಪಕ್ಕದ ಧೂಮಕೇತು ಅದರಲ್ಲಿ ಮುಳುಗಿಹೋಗುತ್ತದೆ. ಮೇಲೆ ಗಾಳಿಯಿಲ್ಲ, ಮೋಡವಿಲ್ಲ. ಸೂರ್ಯನನ್ನು ಮುಚ್ಚಿದರೆ ಪಕ್ಕದ್ದು ಕಾಣುತ್ತದೆ. ಈಗ ಅದು ಸೂರ್ಯನಿಂದ ದೂರ ಸರಿದಿದೆ, ಸಂಜೆ ಪಡುವಣದಲ್ಲಿ ಬರಿಗಣ್ಣಿಗೇ ಸಿಕ್ಕೀತು ಎಂದರು.

ನನಗೆ ಮೈ ಉರಿಯಿತು. ಸ್ಕ್ಯಾನಿಂಗ್ ಚಿತ್ರದಲ್ಲಿ ಕಪ್ಪು ಕಂಡು ಬಸುರಿ ಹೆದರಿದರೆ, ಅದು ಕೂಸಿನ ಸುತ್ತಲಿನ ನೀರು, ಅಷ್ಟೇ ಅಮ್ಮಾ ಎಂದು ನಾವು ಹೇಳುತ್ತೇವೆ. ಹೇಳದೆ ಹೆದರಿಸಿ ಕಳಿಸಿದರೆ ಜನ ನಮ್ಮನ್ನು ಬಿಟ್ಟಾರೆಯೇ? ಈ ಟಿವಿಯವರನ್ನು ಕೇಳುವವರಿಲ್ಲ.

ಒಳಗೆ ಹೋಗಿ ಇದನ್ನೆಲ್ಲ ಹೇಳಿದರೂ ಗಂಗವ್ವ ಜಗ್ಗಲಿಲ್ಲ. “ಮಾಸ್ತರ ಏನ್ ಮ್ಯಾಲ ಹೋಗಿ ನೋಡಿ ಬಂದಾನೇನ್ರಿ?”

“ಹಂಗಾರ ಕೆಳಗಿಂದಽ ನೋಡೂಣು, ನಡೀರಿ,” ಎಂದು ಹೊಳೆಯ ಬ್ಯಾರೇಜಿಗೆ ಕರೆದೊಯ್ದೆ. ಆ ಸಂಜೆ ಬರೀ ಮೋಡ. “ಮಾರಿ ಮುಚ್ಕೊಂಡೇತಿ ನೋಡ್ರಿ,” ಎಂದು ಆಕೆ ಕುಹಕದಿಂದ ನಕ್ಕಳು. ಮರುದಿನ ಮತ್ತೆ ಹೋಗಿ ಎಳೆದುಕೊಂಡು ಬಂದೆ. ಸೂರ್ಯ ಕೆಂಪಗೆ, ಇಡಿಯಾಗಿ ಮುಳುಗಿದ. ಕತ್ತಲು ಕವಿಯುತ್ತಿದ್ದಂತೆ ಶುಕ್ರನ ಬಲಕ್ಕೆ, ಸುಣ್ಣದ ಬೆರಳು ಒರೆಸಿದಷ್ಟು ಮಸುಕಾದ ಗೆರೆ ಕಂಡಿತು.

“ಇಷ್ಟಽ ಏನ್ರೀ?” ಗಂಗವ್ವ ಕಣ್ಣು ಕಿರಿದು ಮಾಡಿದಳು. “ನುಂಗಾಕ ಇದಕ್ಕ ಬಾಯಿ ಎಲ್ಲೈತಿ?”

“ನುಂಗಿತ್ತಂದ್ರ ಈಗ ಮುಳುಗಿದಾಂವ ಯಾರ್ರೀ?” ನನ್ನ ದನಿ ಏರಿತ್ತು. ಬ್ಯಾರೇಜಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

“ಬೈಬ್ಯಾಡ್ರಿ ಬಾಯಾರ, ನಾ ಸಾಲಿ ಕಲ್ತಾಕಿ ಅಲ್ಲ.”

“ನಿಮಗ ಬೈಯಾಕತ್ತಿಲ್ಲ ಯವ್ವಾ. ಸಾಲಿ ಕಲ್ತು ಸುಳ್ಳು ಮಾರಾವ್ರಿಗೆ ಬೈಯಾಕತ್ತೇನಿ.”

ತೊಟ್ಟಿಲಿಗೆ ಗಂಗವ್ವ ಮಗಳನ್ನು ತಾನೇ ಕರೆತಂದಳು. ರೇಣುಕಾ ಅಂದು ಹೊಟ್ಟೆ ತುಂಬ ಉಂಡಳು. ಕೂಸಿನ ತೂಕ ನಿಧಾನವಾಗಿ ಏರಿತು. ಆ ಕಪ್ಪು ಬರೀ ಬಿಲ್ಲೆಯಾಗಿತ್ತೆಂದು ಆ ಟಿವಿಯವರು ಹೇಳಿದ್ದನ್ನು ನಾನು ಇಂದಿಗೂ ಕೇಳಿಲ್ಲ. ದುರ್ಬೀನು ಸುಳ್ಳು ಹೇಳಿರಲಿಲ್ಲ. ಚಿತ್ರ ತೋರಿಸುವವರು ಅದನ್ನು ಹೇಗೆ ತೆಗೆದರೆಂದೂ ಹೇಳಬೇಕು. ಕೆಲಸ ನನಗೆ ಕಲಿಸಿದ್ದು ಅದು.

ಈ ಹಾಳೆಗಳನ್ನು ಜೋಪಾನವಾಗಿಡಿ. ಮುಂದೆ ರೇಣುಕಾಳ ಆ ಮಗಳನ್ನು ಯಾರಾದರೂ ‘ಬಾಲಚುಕ್ಕಿ ಕಾಲದಾಗ ಹುಟ್ಟಿದಾಕಿ’ ಎಂದು ಚುಚ್ಚಿದರೆ, ಅವಳ ಕೈಗೆ ಕೊಡಬೇಕು.