ದುಗ್ಗಪ್ಪಣ್ಣನ ಸೀಟು

ಇವತ್ತು ಬೆಳಿಗ್ಗೆ ಹಮೀದ ತನ್ನ ಜೀಪಿಗೆ ಹೊಸ ಸೀಟು ಹಾಕಿಸಿಕೊಂಡು ಬಂದಿದ್ದ. ಆ ರೆಕ್ಸಿನ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ದುಗ್ಗಪ್ಪಣ್ಣ ನೆನಪಾದರು. ಕ್ಯಾಂಟೀನ್ ದಿನ ಬಂತೆಂದರೆ ಅವರು ಹೇಗೂ ನೆನಪಾಗುತ್ತಾರೆ.

ಕ್ಯಾಂಟೀನ್ ದಿನ ಏನೆಂದು ನಿಮಗೆ ಹೇಳಬೇಕು. ಕೊಟ್ಟಿಗೆಹಾರದ ಸುತ್ತಿನ ಮಾಜಿ ಸೈನಿಕರೆಲ್ಲ ಸೇರಿ ತಿಂಗಳಿಗೊಮ್ಮೆ ಹಮೀದನ ಜೀಪಿನಲ್ಲಿ ಚಿಕ್ಕಮಗಳೂರಿನ ಮಿಲಿಟರಿ ಕ್ಯಾಂಟೀನಿಗೆ ಹೋಗುತ್ತೇವೆ. ಸೋಪು, ಟೀಪುಡಿ ತರುವುದಕ್ಕೆಂದು ಮನೆಯಲ್ಲಿ ಹೇಳುತ್ತೇವೆ. ರಮ್ಮಿನ ವಿಷಯ ಹೇಳದಿದ್ದರೂ ಎಲ್ಲರಿಗೂ ಗೊತ್ತು. ಮೊದಲೆಲ್ಲ ಹಮೀದನ ಪಕ್ಕದ ಸೀಟು ದುಗ್ಗಪ್ಪಣ್ಣನದು. ಚೀನಾ ಯುದ್ಧಕ್ಕೆ ಹೋಗಿ ಬಂದವರು, ನಮಗೆಲ್ಲ ಹಿರಿಯರು, ಇಲ್ಲಿಯ ಎಸ್ಟೇಟೊಂದರಲ್ಲಿ ವಾಚ್‌ಮನ್. ಅವರು ಅಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಕೂರುತ್ತಿದ್ದರು, ಅಷ್ಟೆ.

ತೊಂಬತ್ತರ ದಶಕದ ಕೊನೆಗೆ ನಾನು ಸುಬೇದಾರನಾಗಿ ನಿವೃತ್ತನಾಗಿ ಬಂದೆ. ಮೀಸೆ ಮಾತ್ರ ಬ್ರಿಗೇಡಿಯರದ್ದು. ಮನೆಯಲ್ಲಿ ಹೆಂಡತಿ ನನ್ನ ಒಂದು ಆರ್ಡರನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಹೊಟ್ಟೆಯುರಿಗೋ ಏನೋ, ಮೊದಲ ಕ್ಯಾಂಟೀನ್ ದಿನವೇ ಜೀಪಿನ ಮುಂದಿನ ಬಾಗಿಲು ತೆಗೆದು, ಕೂತಿದ್ದ ದುಗ್ಗಪ್ಪಣ್ಣನನ್ನು ಕೇಳಿದೆ:

"ನಿಮ್ದು ಯಾವ ರ‍್ಯಾಂಕು?"

"ಸಿಪಾಯಿ, ಸಾಬ್."

"ಹಾಗಾದ್ರೆ?" ಎಂದೆ. ಅಷ್ಟೇ ಎಂದದ್ದು.

ಅವರು ಇಳಿದರು. "ಅಲ್ಲ ಸಾರ್, ಅವ್ರ ಕಾಲು..." ಎಂದು ಹಮೀದ ಬಾಯಿ ತೆಗೆದ. "ಸುಮ್ನಿರು ಮಾರಾಯ, ಹಿಂದೆ ಗಾಳಿ ಚೆನ್ನಾಗ್ ಬರ್ತದೆ" ಎಂದು ದುಗ್ಗಪ್ಪಣ್ಣ ಅವನ ಬಾಯಿ ಮುಚ್ಚಿಸಿ, ಕಂಬಿ ಹಿಡಿದು ಹಿಂದೆ ಹತ್ತಿದರು. ನಾನು ಚಿಕ್ಕಮಗಳೂರಿನವರೆಗೂ ಮೀಸೆ ತೀಡಿಕೊಂಡು ಹೋದೆ. ಥೂ!

ನಾಲ್ಕೈದು ತಿಂಗಳು ಹೀಗೇ ನಡೆಯಿತು. ಆಮೇಲೆ ಅವರು ಬರುವುದನ್ನೇ ಬಿಟ್ಟರು. ಮುನಿಸು ಎಂದುಕೊಂಡೆ. ಒಮ್ಮೆ ಅವರ ಸಾಮಾನನ್ನು ಹಮೀದ ನನ್ನ ಕೈಯಲ್ಲೇ ಕೊಟ್ಟು ಕಳಿಸಿದ. ಹೋದರೆ, ದುಗ್ಗಪ್ಪಣ್ಣ ಬಾಗಿಲಲ್ಲಿ ಕೂತು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. ಎರಡು ಪಾದಗಳಲ್ಲೂ ಒಂದೇ ಒಂದು ಬೆರಳಿಲ್ಲ. ಆ ಯುದ್ಧದ ಹಿಮದಲ್ಲಿ ಸತ್ತ ಬೆರಳುಗಳನ್ನು ಕತ್ತರಿಸಿದ್ದರಂತೆ. ಹಮೀದ ಅಂದು ಹೇಳಹೊರಟದ್ದು ಅದನ್ನೇ. ಆ ಮೋಟು ಪಾದಗಳ ಮೇಲೆ ಓಲಾಡುತ್ತ, ಗೋಡೆಯನ್ನೂ ಹಿಡಿಯದೆ, ಅವರು ನನಗೆ ಸೆಲ್ಯೂಟ್ ಹೊಡೆದರು.

ನಾನೇನು ಮಾಡಿದೆ ಗೊತ್ತೇ? ತಿರುಗಿ ಸೆಲ್ಯೂಟ್ ಹೊಡೆದೆ. "ಕೂತ್ಕೊಳ್ಳಿ ದುಗ್ಗಪ್ಪಣ್ಣ, ತಪ್ಪಾಯ್ತು" ಎನ್ನಲು ಬಾಯಿ ಬರಲಿಲ್ಲ. ಮುಂದಿನ ತಿಂಗಳು ನಾನೇ ಕರೆದೊಯ್ದು ಮುಂದೆ ಕೂರಿಸಿದರಾಯಿತು ಎಂದುಕೊಂಡೆ. ಅಷ್ಟರೊಳಗೆ ಅವರು ತೀರಿಕೊಂಡರು. ಆಮೇಲೂ ವರ್ಷಗಟ್ಟಲೆ ನಾನು ಅದೇ ಸೀಟಿನಲ್ಲಿ ಕೂತೆ. ಎದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತಲ್ಲ.

ಇವತ್ತು, ಮೊನ್ನೆಯಷ್ಟೇ ನಿವೃತ್ತನಾಗಿ ಬಂದ ಸತೀಶ ಹೊಸ ಸೀಟಿನ ಬಾಗಿಲು ತೆಗೆದು ಹಿಡಿದ. "ಹತ್ತಿ ಸಾರ್."

ಹಾಳು ಅಭ್ಯಾಸ, ಕೇಳಿಯೇ ಬಿಟ್ಟೆ: "ನಿಂದು ಯಾವ ರ‍್ಯಾಂಕು?"

"ಸುಬೇದಾರ್ ಮೇಜರ್" ಎಂದು ನಕ್ಕ. ನನಗಿಂತ ಮೇಲೆ! "ಅದು ಅಲ್ಲಿಗೇ ಮುಗೀತಲ್ಲ ಸಾರ್. ನೀವು ದೊಡ್ಡವ್ರು, ಕೂತ್ಕೊಳ್ಳಿ."

ನನ್ನಿಂದಾಗಲಿಲ್ಲ. "ಬೇಡ ಮಾರಾಯ, ಹಿಂದೆ ಗಾಳಿ ಚೆನ್ನಾಗ್ ಬರ್ತದೆ" ಎಂದು ಹಿಂದೆ ಹತ್ತಿದೆ. ಸತೀಶನೂ ಬಾಗಿಲು ಮುಚ್ಚಿ ಬಂದು ನನ್ನ ಪಕ್ಕ ತೂರಿಕೊಂಡ. ಮುಂದಿನ ಸೀಟು ಖಾಲಿಯಾಗಿಯೇ ಹೊರಟಿತು.

ಬಣಕಲ್ ದಾಟುವ ಹೊತ್ತಿಗೆ ಮಂಡಿ ಹಿಡಿದುಕೊಂಡಿತ್ತು. ತಿರುವು ತಿರುವಿಗೂ ಯಾರದೋ ಬೂಟು ನನ್ನ ಪಾದ ಒತ್ತುತ್ತಿತ್ತು. ಮೂಗಿನ ತುಂಬ ಡೀಸೆಲ್ ಹೊಗೆ. ಹಿಂದೆ ಗಾಳಿ ಬರುವುದೇ ಇಲ್ಲ.