ಮೇಯರ್ ಚುನಾವಣೆಗೆ ಎಷ್ಟು ತೋಟ ಬೇಕು?

ಕೇಳ್ರಪ್ಪಾ, ಇವತ್ತು ತಿಪಟೂರಿನಲ್ಲಿ ಅಮೆರಿಕದ ಮಾನ ಹೋಯಿತು.

ತೆಂಗು ನೋಡಲು ನಮ್ಮ ಮನೆಗೆ ಬಂದಿದ್ದ ಅಮೆರಿಕದವನು, ತನ್ನ ತಮ್ಮ ಅಲ್ಲಿ ಮೇಯರ್ ಚುನಾವಣೆಗೆ ನಿಂತಿದ್ದಾನೆ ಎಂದ. ನಮ್ಮ ಮಾವ ಇಲ್ಲಿನ ನಗರಸಭೆ ಸದಸ್ಯರು. ನಾಳೆ ಸದಸ್ಯರೆಲ್ಲ ಸೇರಿ ಅಧ್ಯಕ್ಷರನ್ನು ಆರಿಸಬೇಕು. ಎದುರು ಪಾರ್ಟಿಯವರು ಎಗರಿಸದಿರಲೆಂದು ಮಾವನನ್ನು ಅವರ ಪಾರ್ಟಿ ಹುಳಿಯಾರಿನ ತೋಟದಲ್ಲಿ ಬಚ್ಚಿಟ್ಟಿದೆ. ಬಟ್ಟೆ ಬದಲಿಸಲು ಮನೆಗೆ ಬಂದಿದ್ದರು.

“ನಿಮ್ ತಮ್ಮ ಮೆಂಬರ್‌ಗಳ್ನ ಎಲ್ಲಿ ಮಡಗವ್ರೆ ಸ್ವಾಮಿ?” ಎಂದು ಮಾವ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ.

“ಅಲ್ಲಿ ಮೇಯರನ್ನು ಆರಿಸಲು ಊರಿನವರೆಲ್ಲ ಓಟು ಹಾಕುತ್ತಾರೆ” ಎಂದ ಅವನು.

ಮಾವ ಎಳನೀರು ಕೆಳಗಿಟ್ಟರು. “ಅಯ್ಯೋ, ಊರೋರ್ನೆಲ್ಲಾ ಬಚ್ಚಿಡಾಕೆ ಎಷ್ಟು ತೋಟ ಬೇಕ್ರೀ!”

ಹೊರಗೆ ಮೆಟಡಾರ್ ಹಾರನ್ ಹೊಡೆಯಿತು. ಮಾವ ಬ್ಯಾಗು ಹಿಡಿದು ಓಡಿ ಹತ್ತಿದರು.

“ನಾಳೆ ಯಾರು ಗೆಲ್ಲುತ್ತಾರೆ?” ಎಂದ ಅತಿಥಿ.

“ಆ ಗಾಡಿ ಯಾವ ಪಾರ್ಟಿಯದೆಂದು ತಿಳಿದ ಮೇಲೆ ಹೇಳುತ್ತೇನೆ” ಎಂದೆ.