ಫಾರಂ ಮರೆಯುತ್ತಿದ್ದ ಮಾಮ

ನನ್ನ ಸೋದರಮಾವನಷ್ಟು ಮರೆಗುಳಿ ಮನುಷ್ಯ ಇನ್ನೊಬ್ಬರಿಲ್ಲ ಎಂದು ಅವರ ಗಿರಾಕಿಗಳೆಲ್ಲ ನಂಬಿದ್ದರು. ಜನರ ಉಳಿತಾಯದ ದುಡ್ಡನ್ನು ಮ್ಯೂಚುವಲ್ ಫಂಡಿನಲ್ಲಿ ಹಾಕಿಸುವ ಏಜೆಂಟು ಅವರು. ಸ್ಕೂಟರಿನ ಮುಂದೆ ಉಬ್ಬಿದ ಚೀಲ, ಜೇಬಿನಲ್ಲಿ ಎರಡು ಪೆನ್ನು, ಯಾರ ಮನೆಯಲ್ಲಾದರೂ ಕುರ್ಚಿ ಎಳೆದುಕೊಂಡು ಕೂರುವ ಸಲಿಗೆ. ದುಡ್ಡು ಹಾಕಿಸುವಾಗ ಮಾಮ ಏನನ್ನೂ ಮರೆತವರಲ್ಲ. ಯಾರಾದರೂ ತೆಗೆಯಬೇಕು ಎಂದಾಗ ಮಾತ್ರ ಎಲ್ಲಿಲ್ಲದ ಮರೆವು ಅಮರಿಕೊಳ್ಳುತ್ತಿತ್ತು.

ಷೇರುಪೇಟೆ ಕುಸಿದ ದಿನ ಅವರಿಗೆ ಕೈತುಂಬ ಕೆಲಸ. ಔಷಧಿ ಅಂಗಡಿಯವರು ಟೀವಿ ನೋಡಿ ಬೆವತು ಫೋನ್ ಮಾಡುತ್ತಿದ್ದರು. ಮಾಮ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಎಲ್ಲಾ ಮಾರ್ಬಿಡಿ ಸಾರ್. ಇವತ್ತೇ. ಒಂದು ಕಾಸೂ ಅಲ್ಲಿರೋದು ಬೇಡ."

"ಮಾರೋಣ, ಅದಕ್ಕೇನಂತೆ? ನಿಮ್ಮ ದುಡ್ಡು, ನಿಮ್ಮಿಷ್ಟ," ಎನ್ನುತ್ತಾ ಮಾಮ ಚೀಲ ತೆರೆದು, ತಡಕಾಡಿ, ಹಣೆ ಚಚ್ಚಿಕೊಳ್ಳುತ್ತಿದ್ದರು. "ಅಯ್ಯೋ, ಫಾರಂ ಮನೇಲೇ ಮರೆತು ಬಂದೆ! ನಾಳೆ ತರ್ತೀನಿ. ಅಂದಹಾಗೆ, ಒಂದು ಲೋಟ ಕಾಫಿ ಸಿಗತ್ತಾ?"

ಚೀಲದ ತುಂಬ ಇದ್ದದ್ದು ಅದೇ ಫಾರಂ. ಕಾಫಿ ಕುಡಿಯುತ್ತಾ ಮಗಳ ಓದು, ತಾಯಿಯ ಮೊಣಕಾಲು, ಸೋರುವ ನಲ್ಲಿ ಎಲ್ಲವನ್ನೂ ವಿಚಾರಿಸಿ ಮಾಮ ಏಳುವಷ್ಟರಲ್ಲಿ ಎದುರಿನವರ ಬೆವರು ಆರಿರುತ್ತಿತ್ತು. ಮರುದಿನ ಫಾರಂ ತಂದು ಕನ್ನಡಕ ಮರೆಯುತ್ತಿದ್ದರು. ಮೂರನೆಯ ದಿನವೂ ಬೇಕೇ ಬೇಕು ಎಂದವರಿಗೆ ತುಟಿಪಿಟಕ್ಕೆನ್ನದೆ ಮಾರಿಸಿಕೊಡುತ್ತಿದ್ದರು, ಅದು ಬೇರೆ. ಆದರೆ ಮೂರನೆಯ ದಿನದವರೆಗೆ ಬರುತ್ತಿದ್ದವರು ಅಪರೂಪ.

"ಆತುರಗಾರನಿಗೆ ಬುದ್ಧಿ ಮಟ್ಟ. ನನ್ನ ಕೆಲಸ ಅವರ ಆತುರ ಇಳಿಸೋದು, ಅಷ್ಟೇ," ಎಂದು ಮನೆಗೆ ಬಂದು ಅತ್ತೆಯ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಅತ್ತೆ ಬಟ್ಟೆ ಮಡಿಸುತ್ತಾ "ಹೂಂ" ಎನ್ನುತ್ತಿದ್ದರು. ಮದುವೆಯಾದಂದಿನಿಂದ ಅದೇ ಕಥೆ, ಅದೇ ಹೂಂ.

ಆಮೇಲೆ ಆ್ಯಪ್ ಬಂತು. ಕೂತಲ್ಲೇ ಹಾಕು, ಕೂತಲ್ಲೇ ತೆಗೆ. ಗಿರಾಕಿಗಳು ಒಬ್ಬೊಬ್ಬರಾಗಿ ಮಾಮನ ಕೈಬಿಟ್ಟರು. ಔಷಧಿ ಅಂಗಡಿಯವರಂತೂ ಫೋನನ್ನು ಅವರ ಮೂಗಿಗೇ ಹಿಡಿದು, "ನೋಡಿ ಸಾರ್, ನೀವು ಮಾಡ್ತಿದ್ದಿದ್ದೆಲ್ಲಾ ಇದೇ ಮಾಡತ್ತೆ. ಕಾಫಿನೂ ಕೇಳಲ್ಲ," ಎಂದರು. ಮಾಮ ಅಲ್ಲಿ ನಕ್ಕರು, ಮನೆಗೆ ಬಂದು ಊಟ ಬಿಟ್ಟರು. ನನಗೆ ಆ ಅಂಗಡಿಯವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಲೆನೋವಿನ ಮಾತ್ರೆಗೂ ಪಕ್ಕದ ಬೀದಿಗೆ ಹೋಗುತ್ತೇನೆ.

ಕೊನೆಗೆ ಮಾಮನೂ ಸೋತು, "ನನಗೂ ಅದನ್ನ ಹಾಕ್ಕೊಡು," ಎಂದು ಹೊಸ ಫೋನು ಹಿಡಿದು ನನ್ನ ಹತ್ತಿರ ಬಂದರು. ಬಾಡಿಗೆ ಮನೆಗಳಲ್ಲೇ ಬಾಳು ಸವೆಸಿದ ಗಂಡ ಹೆಂಡತಿ ಅವರು. ಇನ್ನು ಕೆಲವು ವರ್ಷಕ್ಕಾದರೂ ಎರಡು ಕೋಣೆಯ ಒಂದು ಸ್ವಂತ ಮನೆ ಕೊಳ್ಳಬೇಕೆಂದು ಇಬ್ಬರ ಹೆಸರಿನಲ್ಲೂ ಕೂಡಿಟ್ಟ ದುಡ್ಡೆಲ್ಲ ಆ ಆ್ಯಪಿನೊಳಗೆ ಹೋಯಿತು. ಫೋನ್ ನಂಬರ್ ಕೇಳಿತು. ಇಡೀ ಊರಿನ ಗಿರಾಕಿಗಳ ನಂಬರ್ ಬಾಯಿಪಾಠ ಇದ್ದ ಮಾಮನಿಗೆ ತಮ್ಮ ನಂಬರ್ ಮಾತ್ರ ಗೊತ್ತಿಲ್ಲ. ತಮಗೆ ತಾವೇ ಯಾರಾದರೂ ಫೋನ್ ಮಾಡಿಕೊಳ್ಳುತ್ತಾರೆಯೇ? ಅತ್ತೆಯ ನಂಬರ್ ಹೇಳಿದರು, ನಾನು ಹಾಕಿದೆ.

ಆಮೇಲೆ ಆ್ಯಪು ಪ್ರಶ್ನೆ ಕೇಳತೊಡಗಿತು. ಪೇಟೆ ಕುಸಿದರೆ ಏನು ಮಾಡುತ್ತೀರಿ? "ಏನೂ ಮಾಡುವುದಿಲ್ಲ" ಎಂಬ ಉತ್ತರವನ್ನು ಮಾಮ ಎರಡೆರಡು ಸಲ ಒತ್ತಿದರು. ಆ್ಯಪು ಅವರಿಗೆ "ಧೈರ್ಯಶಾಲಿ ಹೂಡಿಕೆದಾರ" ಎಂಬ ಬಿರುದು ಕೊಟ್ಟಿತು. ಅದನ್ನು ಅವರು ಹಾಲಿನವರಿಗೂ ತೋರಿಸಿದರು.

ಮತ್ತೆ ಪೇಟೆ ಕುಸಿದ ದಿನ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಅತ್ತೆ ನನ್ನ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಧೈರ್ಯಶಾಲಿಗಳು ಮಾತ್ರ ಬಾಲ ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡುತ್ತಿದ್ದರು. ಫೋನಿನ ಪರದೆಯೆಲ್ಲ ಕೆಂಪು.

"ಕೊಳ್ಳೋ ಮನೆ ಬಾಗಿಲು ಹೋಯ್ತು," ಎಂದರು. ಸ್ವಲ್ಪ ಹೊತ್ತಿಗೆ, "ಅಡುಗೆಮನೇನೂ ಹೋಯ್ತು."

"ಮಾಮ, ಏನೂ ಮಾಡಲ್ಲ ಅಂತ ಒತ್ತಿದ್ರಲ್ಲಾ?"

"ಅದು ಪರೀಕ್ಷೆ ಉತ್ತರ. ಇದು ನನ್ನ ದುಡ್ಡು." ಮಾಮ ಪರದೆಯನ್ನು ಮತ್ತೆ ಉಜ್ಜಿದರು. "ಊರವರ ದುಡ್ಡು ಬಿದ್ದಾಗ ಕಾಫಿ ಕುಡೀಬಹುದು. ನಮ್ಮದೇ ಬಿದ್ದಾಗ ನೀರೂ ಇಳಿಯಲ್ಲ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬಾಯಿತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಈಗ ಮಾರಿದರೆ ಎರಡು ಕೋಣೆಯಲ್ಲಿ ಒಂದು ಹೋದ ಹಾಗೇ, ಅದು ಅವರಿಗೂ ಗೊತ್ತು. ಆದರೆ ಆ್ಯಪಿಗೆ ಚೀಲವಿಲ್ಲ, ಫಾರಂ ಇಲ್ಲ, ಮರೆವೂ ಇಲ್ಲ. "ಮಾರು" ಎನ್ನುವ ಗುಂಡಿಯೊಂದಿದೆ. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಮಾಮ ಅದನ್ನು ಒತ್ತಿಬಿಟ್ಟರು.

"ನಿಮ್ಮ ನಂಬರಿಗೆ ಕಳಿಸಿದ ಒಟಿಪಿ ಹಾಕಿ" ಎಂದಿತು ಆ್ಯಪು.

ಅತ್ತೆಯ ಪಕ್ಕದಲ್ಲಿದ್ದ ಕೈಚೀಲ ಟಿಣ್ ಎಂದಿತು.

"ಲೇ, ಬೇಗ ಫೋನ್ ತೆಗಿ. ಅದರಲ್ಲೊಂದು ನಂಬರ್ ಬಂದಿದೆ, ಹೇಳು."

ಅತ್ತೆ ಕೈ ಒರೆಸಿಕೊಂಡರು. ಚೀಲ ತೆರೆದರು, ತಡಕಾಡಿದರು, ಹಣೆ ಚಚ್ಚಿಕೊಂಡರು.

"ಅಯ್ಯೋ, ಫೋನ್ ಮನೇಲೇ ಮರೆತು ಬಂದೆ ಕಣ್ರೀ! ನಾಳೆ ಹೇಳ್ತೀನಿ."

ಚೀಲ ಮತ್ತೊಮ್ಮೆ ಟಿಣ್ ಎಂದಿತು. ಅತ್ತೆ ಅದರ ಬಾಯಿಯನ್ನು ನಿಧಾನವಾಗಿ ಮುಚ್ಚಿ, ಎತ್ತಿ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮ ಮಾಮನಿಗೆ ಒಂದು ಲೋಟ ಕಾಫಿ ಸಿಗತ್ತಾ?"

ಮಾಮ ಚೀಲವನ್ನೇ ನೋಡಿದರು. ಬೈಯಲು ಬಾಯಿ ತೆರೆದರು. ಬೈದರೆ ತಮ್ಮನ್ನೇ ಬೈದುಕೊಳ್ಳಬೇಕು. ಕುರ್ಚಿ ಎಳೆದುಕೊಂಡು ಕುಸಿದು ಕೂತರು. ಕಾಫಿ ತಂದುಕೊಟ್ಟೆ. ಅತ್ತೆ ನಮ್ಮ ನಲ್ಲಿ ಇನ್ನೂ ಸೋರುತ್ತಿದೆಯಾ ಎಂದು ವಿಚಾರಿಸಿದರು. ಅರ್ಧ ಲೋಟ ಖಾಲಿಯಾಗುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು, ಮಾಮನ ಬೆವರೂ ಆರಿತ್ತು.

"ನಾಳೆ ಮರೀಬೇಡ," ಎಂದರು ಗತ್ತು ಬಿಡದೆ.

"ಇಲ್ಲಪ್ಪ, ನಾಳೆ ಫೋನ್ ತರ್ತೀನಿ," ಎಂದರು ಅತ್ತೆ. "ನಾಳೆ ಮರೆಯೋದು ಕನ್ನಡಕ."

ಮಾಮ ನಗು ತಡೆಯಲಾಗದೆ ಕಾಫಿಯನ್ನು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು.

ಮೂರನೆಯ ದಿನ ಅವರು ಕೇಳಲೇ ಇಲ್ಲ. ಪೇಟೆ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಆದರೆ ಸ್ವಂತ ಮನೆಯ ಬಾಗಿಲಿಗೆ ಹಸಿರು ಬಣ್ಣವೋ ನೀಲಿಯೋ ಎಂದು ಗಂಡ ಹೆಂಡತಿ ಆಗಲೇ ಜಗಳಕ್ಕೆ ಬಿದ್ದಿದ್ದಾರೆ.